ಅರ್ಜಿ ಪತ್ರವನ್ನು ಚಿಕ್ಕದು ಮಾಡುವಾಗ ಉಳಿಸಿಕೊಳ್ಳಬೇಕಾದದ್ದು ಏನು?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಹಳ್ಳಿಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮಂಡ್ಯದಲ್ಲಿ ಬಿ.ಎಸ್‌ಸಿ. ಮುಗಿಸಿದ್ದೇನೆ. ಹಾಲು ಸಂಸ್ಕರಣಾ ಘಟಕವೊಂದರ ಪ್ರಯೋಗಾಲಯದಲ್ಲಿ ಒಂದೂವರೆ ವರ್ಷ ಕೆಲಸ ಮಾಡಿದ ಮೇಲೆ, ತಾಯಿಯ ಅನಾರೋಗ್ಯದಿಂದಾಗಿ ಬಿಡಬೇಕಾಯಿತು. ಎಂಟು ತಿಂಗಳ ನಂತರ ಈಗ ನಂಜನಗೂಡು ಮತ್ತು ಮೈಸೂರಿನ ಆಹಾರ ತಯಾರಿಕಾ ಘಟಕಗಳಿಗೆ ಅರ್ಜಿ ಹಾಕುತ್ತಿದ್ದೇನೆ. ನನ್ನ ಪತ್ರ ಎರಡು ಪುಟವಾಗುತ್ತದೆ. ನೋಡಿದವರೆಲ್ಲ ಅರ್ಧ ಪುಟಕ್ಕೆ ಇಳಿಸು ಎನ್ನುತ್ತಾರೆ. ಇಳಿಸಿದರೆ ಹೆಸರು ಮತ್ತು ಪದವಿ ಬಿಟ್ಟು ಏನೂ ಉಳಿಯುವುದಿಲ್ಲ. ಪತ್ರವನ್ನೂ, ಅಲ್ಲಿ ನಾನು ಮಾಡುತ್ತಿದ್ದ ಕೆಲಸದ ಒಂದು ಟಿಪ್ಪಣಿಯನ್ನೂ ಕಳುಹಿಸಿದ್ದೇನೆ. ಸ್ಪಷ್ಟವಾಗಿಯೂ ಚಿಕ್ಕದಾಗಿಯೂ ಬರೆಯುವುದು ಹೇಗೆ ಎಂದು ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರವನ್ನೂ ಟಿಪ್ಪಣಿಯನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ಓದಿದೆ. ಕೆಲಸ ಕೊಡುವವರಿಗೆ ಬೇಕಾದ ವಿಷಯವೆಲ್ಲ ಟಿಪ್ಪಣಿಯಲ್ಲಿದೆ. ಅವರ ಕೈಗೆ ಹೋಗುತ್ತಿರುವುದು ಮಾತ್ರ ಪತ್ರ. ಪತ್ರವನ್ನು ಇಳಿಸಲು ಹೊರಟಾಗ ಏನೂ ಉಳಿಯಲಿಲ್ಲ ಎಂದು ನೀವು ಹೇಳುವುದು ನಿಜ, ಏಕೆಂದರೆ ಆ ಎರಡು ಪುಟಗಳಲ್ಲಿ ನಿಮ್ಮ ಕೆಲಸದ ಬಗ್ಗೆ ಇರುವುದು ಎರಡೇ ಸಾಲು. ಆದ್ದರಿಂದ ಪತ್ರವನ್ನು ಕತ್ತರಿಸುತ್ತಾ ಕೂರುವ ಬದಲು, ಅದನ್ನು ಪಕ್ಕಕ್ಕಿಟ್ಟು ಟಿಪ್ಪಣಿಯಿಂದಲೇ ಹೊಸದಾಗಿ ಆರಂಭಿಸುವುದು ಒಳ್ಳೆಯದು.

ನಿಮ್ಮ ಪತ್ರದ ಆರಂಭ ಹೀಗಿದೆ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಮ್ಮ ಪ್ರತಿಷ್ಠಿತ ಸಂಸ್ಥೆಯ ಗುಣಮಟ್ಟ ವಿಭಾಗದಲ್ಲಿ ಹುದ್ದೆ ಖಾಲಿ ಇರುವುದಾಗಿ ತಿಳಿದುಬಂದಿದ್ದು, ನಾನು ಬಿ.ಎಸ್‌ಸಿ. ಪದವಿಯನ್ನು ಪ್ರಥಮ ದರ್ಜೆಯಲ್ಲಿ ಪೂರ್ಣಗೊಳಿಸಿರುತ್ತೇನೆ ಹಾಗೂ ಹಾಲು ಸಂಸ್ಕರಣಾ ಘಟಕದಲ್ಲಿ ಗುಣಮಟ್ಟ ಪರೀಕ್ಷೆಗೆ ಸಂಬಂಧಿಸಿದ ವಿವಿಧ ಕೆಲಸಗಳಲ್ಲಿ ತೊಡಗಿಸಿಕೊಂಡು ಅಪಾರ ಅನುಭವವನ್ನು ಹೊಂದಿರುತ್ತೇನೆ.’ ಈ ಒಕ್ಕಣೆ ಎಲ್ಲಿಂದ ಬಂದಿದೆ ಎಂಬುದು ನಮಗೆಲ್ಲ ಗೊತ್ತಿದೆ. ಶಾಲೆಯಲ್ಲಿ ರಜಾ ಅರ್ಜಿ ಬರೆಯಲು ಕಲಿಸಿದಾಗ ಇಂದ, ಗೆ, ವಿಷಯ, ಮಾನ್ಯರೇ ಎಂಬ ಚೌಕಟ್ಟಿನ ಜೊತೆಗೆ ಈ ಮಾತುಗಳನ್ನೂ ಕಲಿಸುತ್ತಾರೆ. ತಾಲ್ಲೂಕು ಕಚೇರಿಗೆ ಮನವಿ ಕೊಡುವಾಗಲೂ ಅವನ್ನೇ ಬಳಸುತ್ತೇವೆ. ಮನವಿಯಲ್ಲಿ ಅದು ನಡೆಯುತ್ತದೆ, ಏಕೆಂದರೆ ಅಲ್ಲಿ ನಿರ್ಧಾರವಾಗುವುದು ಲಗತ್ತಿಸಿದ ದಾಖಲೆಗಳ ಮೇಲೆ. ಖಾಸಗಿ ಸಂಸ್ಥೆಗೆ ಬರೆಯುವ ಉದ್ಯೋಗದ ಅರ್ಜಿಯಲ್ಲಿ ಪತ್ರವೇ ಮೊದಲ ದಾಖಲೆ. ಮೈಸೂರಿನ ಕಾರ್ಖಾನೆಗಳಿಗೆ ಸಿಬ್ಬಂದಿಯನ್ನು ಆಯ್ಕೆ ಮಾಡುವ ಕೆಲಸದಲ್ಲಿ ಬಹುಕಾಲ ಇದ್ದವನಾಗಿ ಹೇಳುವುದಾದರೆ, ಮೇಜಿನ ಮೇಲೆ ದೊಡ್ಡ ಕಟ್ಟು ಇರುವಾಗ ಓದುವವರು ಮೊದಲ ಮೂರು ಸಾಲುಗಳಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾರೆ: ಇವರು ಯಾವ ಹುದ್ದೆಗೆ ಬರೆದಿದ್ದಾರೆ, ಆ ಹುದ್ದೆಯ ಕೆಲಸವನ್ನು ಇವರು ಈಗಾಗಲೇ ಎಲ್ಲಾದರೂ ಮಾಡಿದ್ದಾರೆಯೇ. ನಿಮ್ಮ ಮೊದಲ ವಾಕ್ಯ ಇಷ್ಟು ಉದ್ದವಿದ್ದೂ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ‘ವಿವಿಧ ಕೆಲಸಗಳು’ ಯಾವುವು, ‘ತೊಡಗಿಸಿಕೊಂಡು’ ಎಂದರೆ ನೀವೇ ಪರೀಕ್ಷೆ ಮಾಡಿದಿರೋ ಅಥವಾ ಮಾದರಿ ತಂದುಕೊಟ್ಟಿರೋ, ‘ಅಪಾರ’ ಎಂದರೆ ಎಷ್ಟು, ಒಂದೂ ತಿಳಿಯುವುದಿಲ್ಲ.

ಪ್ರತಿ ವಾಕ್ಯವನ್ನೂ ಪರೀಕ್ಷಿಸಲು ನಾನು ಬಳಸುವ ಒಂದು ಪ್ರಶ್ನೆಯಿದೆ. ನಿಮ್ಮ ಜೊತೆ ಓದಿದ, ಆದರೆ ಒಂದು ದಿನವೂ ಪ್ರಯೋಗಾಲಯದಲ್ಲಿ ಕೆಲಸ ಮಾಡದ ಗೆಳತಿ ಆ ವಾಕ್ಯದ ಕೆಳಗೆ ಸಹಿ ಹಾಕಬಹುದೇ? ಹಾಕಬಹುದಾದರೆ ಆ ವಾಕ್ಯ ನಿಮ್ಮ ಪತ್ರದಲ್ಲಿ ಇರಬೇಕಾಗಿಲ್ಲ. ‘ನಾನು ಶ್ರಮಜೀವಿ, ಪ್ರಾಮಾಣಿಕಳು, ಸಮಯಪಾಲನೆಯುಳ್ಳವಳು’ ಎಂಬುದಕ್ಕೆ ಯಾರು ಬೇಕಾದರೂ ಸಹಿ ಹಾಕಬಹುದು. ‘ತಮ್ಮ ಸಂಸ್ಥೆಯ ಏಳಿಗೆಗಾಗಿ ಹಗಲಿರುಳು ದುಡಿಯುತ್ತೇನೆ’ ಎಂಬುದೂ ಹಾಗೆಯೇ. ಈ ಗುಣಗಳು ನಿಮ್ಮಲ್ಲಿ ಇಲ್ಲವೆಂದು ನಾನು ಹೇಳುತ್ತಿಲ್ಲ. ನಿಮ್ಮ ಟಿಪ್ಪಣಿಯನ್ನು ಓದಿದವರಿಗೆ ಅವು ಇವೆಯೆಂದು ತಾನಾಗಿ ತಿಳಿಯುತ್ತದೆ. ಈ ಪ್ರಶ್ನೆಯಿಂದ ಜರಡಿ ಹಿಡಿದರೆ ನಿಮ್ಮ ಪತ್ರದ ಮೊದಲ ಪುಟ ಬಹುತೇಕ ಖಾಲಿಯಾಗುತ್ತದೆ, ಟಿಪ್ಪಣಿಯ ಮಾತುಗಳು ಮಾತ್ರ ಒಂದೂ ಬಿಡದೆ ಉಳಿಯುತ್ತವೆ.

ಟಿಪ್ಪಣಿಯಲ್ಲಿ ನೀವು ಏನು ಬರೆದಿದ್ದೀರಿ ಎಂಬುದನ್ನು ನಿಮಗೇ ಮತ್ತೆ ತೋರಿಸುತ್ತೇನೆ. ಬೆಳಗಿನ ಪಾಳಿಯಲ್ಲಿ ಸುಮಾರು 40 ಮಾದರಿಗಳನ್ನು ನೋಡುತ್ತಿದ್ದಿರಿ. ಗರ್ಬರ್ ವಿಧಾನದಿಂದ ಕೊಬ್ಬು, ಲ್ಯಾಕ್ಟೋಮೀಟರ್‌ನಿಂದ ಕೊಬ್ಬೇತರ ಘನಾಂಶ, ಟೈಟ್ರೇಷನ್‌ನಿಂದ ಆಮ್ಲತೆ, ಜೊತೆಗೆ ಯೂರಿಯಾ ಮತ್ತು ಪಿಷ್ಟದ ಕಲಬೆರಕೆ ಪರೀಕ್ಷೆ. ಪಾಶ್ಚರೀಕರಣವಾದ ಹಾಲು ಸರಿಯಾಗಿ ಕಾದಿದೆಯೇ ಎಂದು ತಿಳಿಸುವ ಫಾಸ್ಫಟೇಸ್ ಪರೀಕ್ಷೆಯನ್ನು ಮಾಡಿ ದಾಖಲೆ ಪುಸ್ತಕಕ್ಕೆ ಸಹಿ ಹಾಕುತ್ತಿದ್ದವರು ನೀವೇ. ಪುಸ್ತಕದಲ್ಲಿ ಬರೆಯುತ್ತಿದ್ದ ಆಮ್ಲತೆಯ ಅಂಕಿಗಳನ್ನು ನಿಮ್ಮಷ್ಟಕ್ಕೆ ನೀವೇ ಎಕ್ಸೆಲ್ ಹಾಳೆಗೆ ಹಾಕತೊಡಗಿದಾಗ, ಒಂದು ಸಂಗ್ರಹಣಾ ಮಾರ್ಗದ ಹಾಲಿನ ಆಮ್ಲತೆ ಏಪ್ರಿಲ್ ತಿಂಗಳಿನಲ್ಲಿ ದಿನೇದಿನೇ ಏರುತ್ತಿರುವುದು ಕಾಣಿಸಿತು, ಮೇಲಿನವರಿಗೆ ತೋರಿಸಿದಿರಿ, ಆ ಮಾರ್ಗದ ವಾಹನ ತಡವಾಗಿ ಬರುತ್ತಿದ್ದುದು ಗೊತ್ತಾಗಿ, ಅದರ ಸಮಯವನ್ನು ಬದಲಿಸಿದರು, ನಂತರ ಆ ಮಾರ್ಗದ ಹಾಲು ತಿರಸ್ಕಾರವಾಗುವುದು ನಿಂತಿತು. ಇದನ್ನೆಲ್ಲ ಪತ್ರದಲ್ಲಿ ‘ವಿವಿಧ ಕೆಲಸಗಳಲ್ಲಿ ತೊಡಗಿಸಿಕೊಂಡು’ ಎಂಬ ಮೂರು ಪದಗಳೊಳಗೆ ಬಚ್ಚಿಟ್ಟಿದ್ದೀರಿ. ನಾನು ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಂಡ್ಯ, ಮೈಸೂರು ಕಡೆಯ ಹುಡುಗ ಹುಡುಗಿಯರ ಅರ್ಜಿಗಳಲ್ಲಿ ನಾನು ಕಂಡ ದೊಡ್ಡ ನಷ್ಟ ಇದೇ. ಮಾಡಿದ ಕೆಲಸವನ್ನು ಹೇಳಿಕೊಳ್ಳುವುದು ದೊಡ್ಡಸ್ತಿಕೆಯಾಗುತ್ತದೆ ಎಂಬ ಸಂಕೋಚದಿಂದ ಅದನ್ನು ಮರೆಮಾಡಿ, ಅದೇ ಜಾಗದಲ್ಲಿ ಓದುವವರನ್ನು ಹೊಗಳುವ ಮಾತುಗಳನ್ನು ತುಂಬಿರುತ್ತಾರೆ.

ಅದೇ ಸಂಕೋಚದಿಂದ ‘ಪರೀಕ್ಷೆಗಳನ್ನು ಮಾಡಲಾಗುತ್ತಿತ್ತು’, ‘ನಮ್ಮ ವಿಭಾಗದಿಂದ ಸುಧಾರಣೆ ತರಲಾಯಿತು’ ಎಂಬಂತಹ ವಾಕ್ಯಗಳು ಹುಟ್ಟುತ್ತವೆ. ಮಾಡಿದವರು ಯಾರು ಎಂಬುದು ಅವುಗಳಲ್ಲಿ ಇಲ್ಲ. ಆಯ್ಕೆ ಮಾಡುವವರು ವಿಭಾಗವನ್ನು ನೇಮಿಸಿಕೊಳ್ಳುತ್ತಿಲ್ಲ, ನಿಮ್ಮನ್ನು ನೇಮಿಸಿಕೊಳ್ಳುತ್ತಿದ್ದಾರೆ. ನೀವು ಒಬ್ಬರೇ ಮಾಡಿದ್ದನ್ನು ‘ನಾನು ಮಾಡಿದೆ’ ಎಂದೂ, ಇಬ್ಬರು ಸೇರಿ ಮಾಡಿದ್ದನ್ನು ‘ಹಿರಿಯ ಸಹೋದ್ಯೋಗಿಯೊಡನೆ ಸೇರಿ ಮಾಡಿದೆ’ ಎಂದೂ, ನೋಡಿ ಕಲಿತದ್ದನ್ನು ‘ನೋಡಿ ಕಲಿತಿದ್ದೇನೆ, ಸ್ವತಂತ್ರವಾಗಿ ಮಾಡಿಲ್ಲ’ ಎಂದೂ ಬರೆಯಿರಿ. ಮೂರನೆಯದನ್ನು ಹೇಳಲು ಹಿಂಜರಿಯಬೇಡಿ. ಸೂಕ್ಷ್ಮಜೀವಿಗಳ ಎಣಿಕೆಯನ್ನು ಸ್ವತಂತ್ರವಾಗಿ ಮಾಡಿಲ್ಲ ಎಂದು ಟಿಪ್ಪಣಿಯಲ್ಲಿ ನೀವೇ ಹೇಳಿದ್ದೀರಿ. ಒಂದನ್ನು ಮಾಡಿಲ್ಲವೆಂದು ಸ್ಪಷ್ಟವಾಗಿ ಬರೆದರೆ, ಉಳಿದ ಪರೀಕ್ಷೆಗಳನ್ನು ಮಾಡಿದ್ದೇನೆ ಎಂಬ ನಿಮ್ಮ ಮಾತನ್ನು ಓದುವವರು ನಂಬುತ್ತಾರೆ.

ಈಗ ಪತ್ರದ ನಡುಭಾಗವನ್ನು ನಿಮ್ಮ ಟಿಪ್ಪಣಿಯಿಂದಲೇ ಕಟ್ಟಿ ತೋರಿಸುತ್ತೇನೆ:

‘ಮಾನ್ಯರೇ, ನಿಮ್ಮ ನಂಜನಗೂಡು ಘಟಕದ ಗುಣಮಟ್ಟ ಪರೀಕ್ಷಕರ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಹಾಲು ಸಂಸ್ಕರಣಾ ಘಟಕವೊಂದರ ಪ್ರಯೋಗಾಲಯದಲ್ಲಿ 18 ತಿಂಗಳು ಕೆಲಸ ಮಾಡಿದ್ದೇನೆ. ಬೆಳಗಿನ ಪಾಳಿಯಲ್ಲಿ ಸುಮಾರು 40 ಮಾದರಿಗಳ ಕೊಬ್ಬು, ಕೊಬ್ಬೇತರ ಘನಾಂಶ, ಆಮ್ಲತೆ ಮತ್ತು ಕಲಬೆರಕೆಯನ್ನು ಪರೀಕ್ಷಿಸುತ್ತಿದ್ದೆ. ಪಾಶ್ಚರೀಕರಣದ ನಂತರದ ಫಾಸ್ಫಟೇಸ್ ಪರೀಕ್ಷೆ ಮತ್ತು ಅದರ ದಾಖಲೆ ನನ್ನ ಹೊಣೆಯಾಗಿತ್ತು. ಆಮ್ಲತೆಯ ದಾಖಲೆಗಳನ್ನು ಎಕ್ಸೆಲ್‌ಗೆ ತಂದಾಗ ಒಂದು ಸಂಗ್ರಹಣಾ ಮಾರ್ಗದ ಹಾಲಿನಲ್ಲಿ ಆಮ್ಲತೆ ಏರುತ್ತಿರುವುದನ್ನು ಗುರುತಿಸಿ ವರದಿ ಮಾಡಿದೆ. ವಾಹನದ ಸಮಯ ಬದಲಿಸಿದ ಮೇಲೆ ಆ ಮಾರ್ಗದ ಹಾಲು ತಿರಸ್ಕಾರವಾಗುವುದು ನಿಂತಿತು. ಸೂಕ್ಷ್ಮಜೀವಿಗಳ ಎಣಿಕೆಯನ್ನು ನೋಡಿ ಕಲಿತಿದ್ದೇನೆ, ಸ್ವತಂತ್ರವಾಗಿ ಮಾಡಿಲ್ಲ.’

ಇಲ್ಲಿ ನನ್ನದೆನ್ನುವ ಮಾಹಿತಿ ಒಂದೂ ಇಲ್ಲ. ಕೆಲಸ ಏನು, ಎಷ್ಟು, ಅದರಿಂದ ಏನಾಯಿತು ಎಂಬ ಮೂರನ್ನು ಆ ಕ್ರಮದಲ್ಲಿ ಇಟ್ಟಿದ್ದೇನೆ ಅಷ್ಟೆ. ಎರಡು ಪುಟಗಳ ಪತ್ರಕ್ಕಿಂತ ಇದರಲ್ಲಿ ಹೆಚ್ಚು ವಿಷಯವಿದೆ ಎಂಬುದನ್ನು ನೀವೇ ನೋಡಬಹುದು. ಎಲ್ಲ ಪರೀಕ್ಷೆಗಳಿಗೂ ಒಂದೊಂದು ವಾಕ್ಯ ಕೊಡದೆ, ಜಾಹೀರಾತಿನಲ್ಲಿ ಅವರು ಕೇಳಿರುವುದಕ್ಕೆ ಹತ್ತಿರವಾದುದಕ್ಕೆ ಹೆಚ್ಚು ಜಾಗ ಕೊಡಿ. ನೀವು ಕಳುಹಿಸಿದ ಜಾಹೀರಾತಿನಲ್ಲಿ ದಾಖಲೆ ನಿರ್ವಹಣೆಯನ್ನು ವಿಶೇಷವಾಗಿ ಕೇಳಿದ್ದಾರೆ, ಹಾಗಾಗಿ ಎಕ್ಸೆಲ್‌ನ ವಿಷಯ ಉದ್ದವಾಗಿರುವುದು ಸರಿ. ಇನ್ನೊಂದು ಘಟಕ ಕಚ್ಚಾವಸ್ತುಗಳ ಪರೀಕ್ಷೆಯನ್ನು ಕೇಳಿದರೆ ಅಲ್ಲಿ ಕಲಬೆರಕೆ ಪರೀಕ್ಷೆಯ ಮಾತು ಮುಂದೆ ಬರಬೇಕು. ಒಂದೇ ಪತ್ರವನ್ನು ಎಲ್ಲ ಕಡೆಗೂ ಕಳುಹಿಸುವವರು ಈ ಲಾಭವನ್ನು ಕಳೆದುಕೊಳ್ಳುತ್ತಾರೆ. ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಗಳನ್ನು ಮೊದಲು ತಂತ್ರಾಂಶವೇ ಜಾಲಾಡುವುದೂ ಉಂಟು. ಆದ್ದರಿಂದ ಪರೀಕ್ಷೆಗಳ ಹೆಸರುಗಳನ್ನು ಜಾಹೀರಾತಿನಲ್ಲಿ ಇರುವ ರೂಪದಲ್ಲಿಯೇ ಬರೆಯಿರಿ.

ಮನೆಯ ಪರಿಸ್ಥಿತಿಯ ಬಗ್ಗೆ ನೀವು ಬರೆದಿರುವ ಭಾಗವನ್ನು ಕುರಿತು ಹೇಳುವುದು ನನಗೆ ಸುಲಭವಲ್ಲ. ಕಬ್ಬಿನ ಬಾಕಿ ಬರುವುದು ತಡವಾದದ್ದು, ತಂಗಿಯ ಕಾಲೇಜು ಶುಲ್ಕ, ನೀವೇ ಮನೆಗೆ ಆಸರೆಯಾಗಬೇಕಾಗಿರುವುದು, ಇವೆಲ್ಲ ನಿಜವಾದ ಕಷ್ಟಗಳು ಮತ್ತು ಅವನ್ನು ನೀವು ಗೌರವದಿಂದ ಬರೆದಿದ್ದೀರಿ. ಆದರೂ ಅವನ್ನು ಪತ್ರದಿಂದ ತೆಗೆಯಬೇಕೆಂದೇ ನನ್ನ ಸಲಹೆ. ಓದುವವರು ಸಹೃದಯರಾಗಿದ್ದರೂ ಆ ಮಾಹಿತಿಯನ್ನು ಆಧರಿಸಿ ಅವರು ಯಾವ ನಿರ್ಧಾರವನ್ನೂ ಮಾಡುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಕೆಲಸ ಬಲ್ಲ ಅಭ್ಯರ್ಥಿಯೊಬ್ಬರ ಅರ್ಜಿ ಅಲ್ಲಿಂದ ಮುಂದೆ ನೆರವಿನ ಕೋರಿಕೆಯಾಗಿ ಕಾಣತೊಡಗುತ್ತದೆ. ಸಂಬಳದ ಮಾತು ಬಂದಾಗ ನಿಮ್ಮ ಸ್ಥಾನ ದುರ್ಬಲವಾಗುವುದೂ ಇದರಿಂದಲೇ.

ತಾಯಿಯ ಆರೈಕೆಗಾಗಿ ಬಿಟ್ಟ ಎಂಟು ತಿಂಗಳ ವಿಷಯ ಬೇರೆ. ಅದನ್ನು ಹೇಳಲೇಬೇಕು, ಏಕೆಂದರೆ ದಿನಾಂಕಗಳ ನಡುವಿನ ಅಂತರ ಓದುವವರ ಕಣ್ಣಿಗೆ ಬಿದ್ದೇ ಬೀಳುತ್ತದೆ, ಕಾರಣ ಕಾಣದಿದ್ದರೆ ಅವರು ತಮಗೆ ತೋಚಿದ್ದನ್ನು ಊಹಿಸಿಕೊಳ್ಳುತ್ತಾರೆ. ನೀವು ಅದಕ್ಕೆ ಅರ್ಧ ಪುಟ ಕೊಟ್ಟು, ಆಸ್ಪತ್ರೆಯ ಹೆಸರನ್ನೂ ಶಸ್ತ್ರಚಿಕಿತ್ಸೆಯ ವಿವರವನ್ನೂ ಬರೆದಿದ್ದೀರಿ. ಒಂದು ವಾಕ್ಯ ಸಾಕು: ‘ತಾಯಿಯ ಆರೈಕೆಗಾಗಿ ಎಂಟು ತಿಂಗಳು ಕೆಲಸದಿಂದ ದೂರವಿದ್ದೆ, ಈಗ ಪೂರ್ಣಾವಧಿ ಕೆಲಸಕ್ಕೆ ಸೇರಲು ಸಿದ್ಧಳಿದ್ದೇನೆ.’ ಈ ವಾಕ್ಯದಲ್ಲಿ ಕ್ಷಮೆ ಕೇಳುವ ಧ್ವನಿ ಇರಬಾರದು. ಹೆತ್ತವರನ್ನು ನೋಡಿಕೊಂಡದ್ದಕ್ಕೆ ಯಾರಲ್ಲಿಯೂ ಕ್ಷಮೆ ಕೇಳಬೇಕಾಗಿಲ್ಲ.

ಇದೇ ಜಾಗದಲ್ಲಿ, ನೀವು ಬರೆಯದೆ ಬಿಟ್ಟಿರುವ ಒಂದು ವಿಷಯವನ್ನು ಸೇರಿಸಿ. ಮದ್ದೂರು ಕಡೆಯಿಂದ ನಂಜನಗೂಡಿನ ಕೆಲಸಕ್ಕೆ ಅರ್ಜಿ ಹಾಕಿದವರನ್ನು ಕಂಡಾಗ ಆಯ್ಕೆ ಮಾಡುವವರ ಮನಸ್ಸಿನಲ್ಲಿ ಮೊದಲು ಏಳುವ ಅನುಮಾನ ಓಡಾಟದ್ದು. ಮಂಡ್ಯ ದಾಟಿ ಮೈಸೂರಿಗೆ ಬಂದು, ಅಲ್ಲಿಂದ ಮತ್ತೆ 20 ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ, ಬೆಳಗಿನ ಪಾಳಿಗೆ ದಿನವೂ ಸಮಯಕ್ಕೆ ತಲುಪುವುದು ಕಷ್ಟವೆಂದು ಅವರಿಗೆ ಗೊತ್ತು. ಸೇರಿ ಒಂದೆರಡು ತಿಂಗಳಲ್ಲಿ ಬಿಟ್ಟುಹೋದವರನ್ನೂ ಅವರು ಕಂಡಿರುತ್ತಾರೆ. ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿಯುವ ಏರ್ಪಾಡಾಗಿದೆ ಎಂದು ನನಗೆ ತಿಳಿಸಿದ್ದೀರಿ, ಅವರಿಗೆ ತಿಳಿಸಿಲ್ಲ. ‘ಮೈಸೂರಿನಲ್ಲಿ ವಾಸಿಸುವ ಏರ್ಪಾಡಿದೆ, ಪಾಳಿಗಳಲ್ಲಿ ಕೆಲಸ ಮಾಡಿ ಅಭ್ಯಾಸವಿದೆ, ಆಯ್ಕೆಯಾದ ಒಂದು ವಾರದಲ್ಲಿ ಸೇರಬಲ್ಲೆ’ ಎಂಬ ಒಂದು ಸಾಲು ಬರೆದರೆ, ಕೇಳದೆಯೇ ಉಳಿದುಬಿಡಬಹುದಾದ ಅನುಮಾನಕ್ಕೆ ಉತ್ತರ ಸಿಗುತ್ತದೆ. ಚಿಕ್ಕದಾಗಿ ಬರೆಯುವುದೆಂದರೆ ಎಲ್ಲವನ್ನೂ ಕತ್ತರಿಸುವುದೆಂದು ತಿಳಿದವರು ಇಂತಹ ಸಾಲುಗಳನ್ನೂ ಕತ್ತರಿಸಿಬಿಡುತ್ತಾರೆ.

ಕನ್ನಡ ಮಾಧ್ಯಮದಲ್ಲಿ ಓದಿದ್ದನ್ನು ಮುಚ್ಚಿಡಬೇಕೇ ಎಂದು ಪತ್ರದ ಅಂಚಿನಲ್ಲಿ ಕೇಳಿದ್ದೀರಿ. ಬೇಡ. ಅದನ್ನು ಕೊರತೆಯೆಂಬಂತೆ ಪತ್ರದಲ್ಲಿ ಪ್ರಸ್ತಾಪಿಸುವುದೂ ಬೇಡ. ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಗಳೊಂದಿಗೂ, ವಾಹನ ಚಾಲಕರೊಂದಿಗೂ, ಕಾರ್ಖಾನೆಯ ಒಳಗಿನ ಕಾರ್ಮಿಕರೊಂದಿಗೂ ಕನ್ನಡದಲ್ಲಿ ವ್ಯವಹರಿಸಿ, ಅದೇ ದಿನ ಇಂಗ್ಲಿಷಿನಲ್ಲಿ ವರದಿ ಬರೆದವರು ನೀವು. ಗುಣಮಟ್ಟ ವಿಭಾಗದಲ್ಲಿ ಇದು ನಿಜವಾದ ಸಾಮರ್ಥ್ಯ, ಏಕೆಂದರೆ ಕೈ ತೊಳೆಯುವ ಕ್ರಮದಿಂದ ಹಿಡಿದು ಮಾದರಿ ತೆಗೆಯುವ ಕ್ರಮದವರೆಗೆ ಎಲ್ಲವನ್ನೂ ಕೆಲಸದವರಿಗೆ ಅವರ ಮಾತಿನಲ್ಲಿಯೇ ವಿವರಿಸಬೇಕಾಗುತ್ತದೆ. ಸ್ವವಿವರದಲ್ಲಿ ‘ಭಾಷೆಗಳು’ ಎಂಬ ಸಾಲಿನಲ್ಲಿ ಬರೀ ಹೆಸರುಗಳನ್ನು ಪಟ್ಟಿ ಮಾಡುವ ಬದಲು, ಯಾವ ಭಾಷೆಯಲ್ಲಿ ಏನು ಕೆಲಸ ಮಾಡಿದ್ದೀರಿ ಎಂಬುದನ್ನು ಬರೆಯಿರಿ.

ಜಾಹೀರಾತು ಇಂಗ್ಲಿಷಿನಲ್ಲಿದ್ದರೆ ಪತ್ರವೂ ಇಂಗ್ಲಿಷಿನಲ್ಲಿರುವುದು ವಾಡಿಕೆ. ಕನ್ನಡದಲ್ಲಿ ಯೋಚಿಸಿ ಬರೆದುಕೊಂಡು ಇಂಗ್ಲಿಷಿಗೆ ತರುವವರಿಗೆ ಒಂದು ತೊಡಕು ಎದುರಾಗುತ್ತದೆ. ಕನ್ನಡದಲ್ಲಿ ಮುಗಿಸಿ, ಸೇರಿ, ಕಲಿತು, ಮಾಡಿ ಎಂದು ಕ್ರಿಯೆಗಳನ್ನು ಒಂದರ ಹಿಂದೆ ಒಂದು ಪೋಣಿಸಿದರೂ ವಾಕ್ಯ ಸರಾಗವಾಗಿ ಸಾಗುತ್ತದೆ; ಅದೇ ವಾಕ್ಯವನ್ನು ಒಂದೇ ಉಸಿರಿನಲ್ಲಿ ಇಂಗ್ಲಿಷಿಗೆ ತಂದರೆ ಕರ್ತೃ ಯಾರು, ಮುಖ್ಯ ಕ್ರಿಯೆ ಯಾವುದು ಎಂಬುದು ಕಳೆದುಹೋಗುತ್ತದೆ. ಹಾಗಾಗಿ ಕನ್ನಡದ ಕರಡಿನಲ್ಲಿಯೇ ಒಂದು ವಾಕ್ಯಕ್ಕೆ ಒಂದು ಮುಖ್ಯ ಕ್ರಿಯೆ ಎಂಬಂತೆ ಒಡೆದುಕೊಳ್ಳಿ, ನಂತರ ಇಂಗ್ಲಿಷಿಗೆ ತನ್ನಿ. ನಿಘಂಟಿನಿಂದ ಭಾರಿ ಪದಗಳನ್ನು ಹುಡುಕಿ ಹಾಕಬೇಡಿ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಂದ ವ್ಯಾಕರಣವನ್ನು ಸರಿಪಡಿಸಿಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಪತ್ರವನ್ನೇ ಅವುಗಳಿಂದ ಬರೆಸಿಕೊಂಡರೆ ಆರಂಭದಲ್ಲಿ ಹೇಳಿದ ಗೆಳತಿಯ ಸಹಿಯ ಪರೀಕ್ಷೆಯಲ್ಲಿ ಅದು ಉಳಿಯುವುದು ಕಷ್ಟ. ನಿಮ್ಮ ಏಪ್ರಿಲ್ ತಿಂಗಳ ಆಮ್ಲತೆಯ ವಿಷಯ ಅವುಗಳಿಗೆ ಗೊತ್ತಿಲ್ಲ.

ಸ್ವವಿವರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಸಿದ್ಧ ನಮೂನೆಗೆ ಹೆಸರು ತುಂಬಿಸಿಕೊಂಡು ಬಂದಂತೆ ಕಾಣುತ್ತದೆ. ಮೇಲಿರುವ ‘ಕೆರಿಯರ್ ಆಬ್ಜೆಕ್ಟಿವ್’ ಎಂಬ ಭಾಗವನ್ನೂ, ಕೊನೆಯ ‘ಐ ಹಿಯರ್‌ಬೈ ಡಿಕ್ಲೇರ್’ ಎಂಬ ಘೋಷಣೆಯನ್ನೂ ತೆಗೆಯಿರಿ. ಅವರು ಕೇಳಿದರೆ ಮಾತ್ರ ಘೋಷಣೆ ಇರಲಿ. ತಂದೆಯ ಹೆಸರು, ಧರ್ಮ, ಜಾತಿ, ವೈವಾಹಿಕ ಸ್ಥಿತಿ, ಎತ್ತರ, ತೂಕ ಯಾವುದೂ ಈ ಹುದ್ದೆಗೆ ಬೇಕಿಲ್ಲ. ಆಧಾರ್ ಸಂಖ್ಯೆಯನ್ನಂತೂ ದಯವಿಟ್ಟು ಅಳಿಸಿ. ಯಾರ ಯಾರ ಮೇಲ್‌ಪೆಟ್ಟಿಗೆಗೆ ಹೋಗುತ್ತದೆಂದು ತಿಳಿಯದ ಕಡತದಲ್ಲಿ ಅದು ಇರಬಾರದು. ಸಿಎಫ್‌ಟಿಆರ್‌ಐನಲ್ಲಿ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ನೀವು ಪಡೆದ ಅಲ್ಪಾವಧಿ ತರಬೇತಿಯನ್ನು ಹವ್ಯಾಸಗಳ ಕೆಳಗೆ, ಕಟ್ಟಕಡೆಗೆ ಹಾಕಿದ್ದಾರೆ. 1950ರಿಂದ ಮೈಸೂರಿನಲ್ಲಿರುವ ಆ ಸಂಸ್ಥೆಯನ್ನು ಆಹಾರ ಉದ್ಯಮದಲ್ಲಿ ಅರಿಯದವರು ಇಲ್ಲ. ಅದು ಪದವಿಯ ಪಕ್ಕದಲ್ಲಿಯೇ ಇರಬೇಕು.

ಇಷ್ಟೆಲ್ಲ ಹೇಳಿದ್ದು ಖಾಸಗಿ ಸಂಸ್ಥೆಗಳ ಅರ್ಜಿಗೆ. ಕೆಪಿಎಸ್‌ಸಿ ಹುದ್ದೆಗಳಿಗೂ ಅರ್ಜಿ ಹಾಕುವುದಾಗಿ ಬರೆದಿದ್ದೀರಿ. ಅಲ್ಲಿ ಆನ್‌ಲೈನ್ ನಮೂನೆಯ ಅಂಕಣಗಳನ್ನು ತುಂಬುವುದೇ ಅರ್ಜಿ, ಬರವಣಿಗೆಯ ಶೈಲಿಗೆ ಎಡೆಯಿಲ್ಲ. ಹೆಸರು, ಜನ್ಮದಿನಾಂಕಗಳು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇರಬೇಕೆಂಬುದನ್ನು ಮಾತ್ರ ಮರೆಯಬೇಡಿ.

ಕಳುಹಿಸುವಾಗ ಇ-ಮೇಲ್‌ನ ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು, ಜಾಹೀರಾತಿನಲ್ಲಿ ಸಂಖ್ಯೆ ಇದ್ದರೆ ಅದು, ನಿಮ್ಮ ಹೆಸರು, ಈ ಮೂರು ಇರಲಿ. ಸ್ವವಿವರ ಪಿಡಿಎಫ್ ರೂಪದಲ್ಲಿರಲಿ, ಕಡತಕ್ಕೆ ನಿಮ್ಮ ಹೆಸರನ್ನೇ ಕೊಡಿ. ಕನ್ನಡದಲ್ಲಿ ಬರೆದ ಪತ್ರವಾದರೆ ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿ ವರ್ಡ್ ಕಡತವಾಗಿ ಕಳುಹಿಸಿದರೆ, ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ, ಓದುವವರು ಮುಚ್ಚಿಬಿಡುತ್ತಾರೆ. ಪತ್ರವನ್ನು ಲಗತ್ತಾಗಿ ಕಳುಹಿಸದೆ ಮೇಲ್‌ನೊಳಗೇ ಹಾಕಿ.

ಕಳುಹಿಸುವ ಮೊದಲು ಹೊಸ ಪತ್ರದ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಸಂದರ್ಶನದಲ್ಲಿ ಅದರ ಮೇಲೆ ಬರಬಹುದಾದ ಪ್ರಶ್ನೆಯನ್ನು ಪಕ್ಕದಲ್ಲಿ ಬರೆದುಕೊಳ್ಳಿ. ನಿರ್ದಿಷ್ಟವಾಗಿ ಬರೆದವರನ್ನು ನಿರ್ದಿಷ್ಟವಾಗಿಯೇ ಕೇಳುತ್ತಾರೆ. ಫಾಸ್ಫಟೇಸ್ ಪರೀಕ್ಷೆ ಎಂದ ಕೂಡಲೇ, 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಇಟ್ಟ ಹಾಲಿನಲ್ಲಿ ಆ ಕಿಣ್ವ ಏಕೆ ಉಳಿಯಬಾರದು, ಉಳಿದಿದ್ದರೆ ಮೊದಲು ಯಾವುದನ್ನು ಅನುಮಾನಿಸುತ್ತೀರಿ, ಆ ಬ್ಯಾಚಿನ ಹಾಲನ್ನು ಏನು ಮಾಡುತ್ತೀರಿ ಎಂದು ಕೇಳಬಹುದು. ಗರ್ಬರ್ ಎಂದರೆ ಗಂಧಕಾಮ್ಲ ಮತ್ತು ಅಮೈಲ್ ಆಲ್ಕೋಹಾಲ್ ಏನು ಕೆಲಸ ಮಾಡುತ್ತವೆ ಎಂದು ಕೇಳಬಹುದು. ಆಮ್ಲತೆಯ ಸಾಲಿನ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತಾರೆಂದು ನನ್ನ ಅಂದಾಜು: ಏರಿಕೆ ವಾಹನದ ತಡದಿಂದಲೇ ಎಂದು ಹೇಗೆ ಖಚಿತಪಡಿಸಿಕೊಂಡಿರಿ, ಕ್ಯಾನ್‌ಗಳ ಸ್ವಚ್ಛತೆಯನ್ನು ನೋಡಿದಿರಾ, ಬೇರೆ ಮಾರ್ಗಗಳ ಅಂಕಿಗಳೊಂದಿಗೆ ಹೋಲಿಸಿದಿರಾ. ಆ ಎಕ್ಸೆಲ್ ಹಾಳೆ ಹಿಂದಿನ ಸಂಸ್ಥೆಯ ದಾಖಲೆಯಾದ್ದರಿಂದ ಅದನ್ನು ತೋರಿಸುವಂತಿಲ್ಲ. ಅದರಲ್ಲಿ ಯಾವ ಅಂಕಣಗಳನ್ನು ಇಟ್ಟಿದ್ದಿರಿ, ಏರಿಕೆಯನ್ನು ಹೇಗೆ ಗುರುತಿಸಿದಿರಿ ಎಂಬುದನ್ನು ಬಿಳಿ ಹಾಳೆಯ ಮೇಲೆ ಬರೆದು ತೋರಿಸುವುದನ್ನು ಮನೆಯಲ್ಲಿ ಒಮ್ಮೆ ಅಭ್ಯಾಸ ಮಾಡಿಕೊಂಡು ಹೋಗಿ.